ಸಂಗನಕಲ್ಲಿನ ಸಾಣೆ

ನಮ್ಮ ಬಳ್ಳಾರಿ ಸೀಮೆಯೊಳಗ ಸಾಣೆ ಹಿಡಿಯೋ ಕೆಲಸ ಕಬ್ಬಿಣಕ್ಕಿಂತ ಹಳೇದು. ಊರಿಗೆ ಹತ್ತಿರದ ಸಂಗನಕಲ್ಲು-ಕಪ್ಪಗಲ್ಲು ಗುಡ್ಡದ ಬಂಡೆಗಳ ಮ್ಯಾಲೆ ಉದ್ದಕ ಸವೆದ ತಗ್ಗುಗಳು ಅದಾವ. ಇವು ಮಳಿ ನೀರು ಕೊರೆದವಲ್ಲ. ಹೊಸ ಶಿಲಾಯುಗದ ಮಂದಿ ಕಲ್ಲುಕೊಡಲಿ ಮಸೆದ ಗುರುತು.

ಹಿರೇಗುಡ್ಡದಾಗ ಡಾಲರೈಟ್ ಅನ್ನೋ ಕರಿಕಲ್ಲಿನ ಪಟ್ಟಿ ಐತಿ. ಅದನ್ನ ಒಡೆದು, ಚಕ್ಕೆ ಎಬ್ಬಿಸಿ, ಗುಂಡುಕಲ್ಲಿಂದ ಕುಟ್ಟಿ ಆಕಾರಕ್ಕ ತರತಿದ್ರು. ಆಮ್ಯಾಲೆ ಬಂಡೆ ಮ್ಯಾಲೆ ಉಜ್ಜಿ ಅಲಗು ತೆಗೀತಿದ್ರು. ಗ್ರಾನೈಟಿನೊಳಗಿನ ಬೆಣಚು ಆ ಕರಿಕಲ್ಲಿಗಿಂತ ಗಟ್ಟಿ, ಅದಕ್ಕ ಸವೀತಿತ್ತು. ಈ ಕೆಲಸ ಜೋರಾಗಿದ್ದದ್ದು ಈಗ್ಗೆ 3,000 ವರ್ಷಕ್ಕೂ ಹಿಂದೆ. ಮಾಡಿದವರು ನಮ್ಮಂಗ ಒಕ್ಕಲಿನವರು. ಹುರುಳಿ, ಹೆಸರು, ಕೊರಲೆ ಬೆಳೀತಿದ್ರು, ದನ ಸಾಕ್ತಿದ್ರು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆ ಗುಡ್ಡದಾಗೂ ಇದೇ ಕಾಲದ ಊರಿತ್ತು. ಎಂ.ಎಸ್. ನಾಗರಾಜರಾವ್, ಕೆ.ಸಿ. ಮಲ್ಹೋತ್ರಾ ಅಲ್ಲಿ ಅಗೆದು 1965ರಾಗ ಪುಸ್ತಕ ಬರೆದ್ರು. ಸಂಗನಕಲ್ಲಿನ ಬಗ್ಗೆ ಬಿ. ಸುಬ್ಬರಾವ್ ಅವರ ಪುಸ್ತಕ ಬಂದದ್ದು 1948ರಾಗ.

ಈಗ ತೊಟ್ಟಿಲ ಕಾಲು, ಲಟ್ಟಣಿಗಿ ಕಡೆಯೋ ಬಡಗೇರ ಹತ್ರ ಬೆಲ್ಟ್ ಸಾಣೆ ಬಂದೈತಿ. ಮರಳುಕಾಗದದಂಥಾ ಪಟ್ಟಿ ಎರಡು ಗಾಲಿ ಮ್ಯಾಲೆ ಓಡತದ. ಕಡೆಯೋ ಉಳಿ ಬಾಯಿ ಅರ್ಧಚಂದ್ರದಂಗ ಬಾಗಿರತದ. ಅದನ್ನ ನೇರ ಒತ್ತಿದ್ರ ನಡುವಷ್ಟೇ ಸವೆದು ಮೂಲೆ ಮೊಂಡ ಉಳೀತದ. ಓರೆ ಕದಲದಂಗ ಹಿಡಿದು, ಈ ಮೂಲೆಯಿಂದ ಆ ಮೂಲೆಗೆ ಉರುಳಿಸಬೇಕು. ಮೊದಲು ಒರಟು ಪಟ್ಟಿ, ಕಡೀಕ ನುಣುಪು ಪಟ್ಟಿ. ಅಲಗಿನ ಮ್ಯಾಲೆ ಬಿಳಿ ಗೆರೆ ಹೊಳೆದ್ರ ಇನ್ನೂ ಮೊಂಡ ಐತಿ ಅಂತ ಅರ್ಥ.

ಕಲ್ಲಿಗಿಲ್ಲದ ಒಂದು ಕಷ್ಟ ಉಕ್ಕಿಗೈತಿ. ಸಾದಾ ಉಕ್ಕು ಕಾದು ನೀಲಿಗೆ ತಿರುಗಿದ್ರ ಹದ ಹೋತು, ಅಲಗು ನಿಲ್ಲಂಗಿಲ್ಲ. ಹಗೂರ ಒತ್ತಿ, ಬಿಸಿ ಆಗೋಕ ಮೊದಲೇ ನೀರಿಗೆ ಅದ್ದಬೇಕು. ಉಳಿದದ್ದೆಲ್ಲಾ ಆ ಬಂಡೆ ಕಲಿಸಿದ ಪಾಠಾನೇ: ತನಗಿಂತ ಗಟ್ಟಿಯಾದದ್ದಕ್ಕ, ಒಂದೇ ಓರೆಯಾಗ, ಬ್ಯಾಸರಿಲ್ಲದ ಉಜ್ಜಬೇಕು.

ಬೆಲ್ಟ್ ಸವೆದ್ರ ಅಂಗಡ್ಯಾಗ ಹೊಸದು ಸಿಗತದ. ಆ ಬಂಡೆ ಕಲ್ಲುಗಣಿಗೆ ಸಿಕ್ಕು ಜಲ್ಲಿಯಾದ್ರ ಮತ್ತ ಸಿಗಂಗಿಲ್ಲ. ಬಳ್ಳಾರಿಯೊಳಗ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಮ್ಯೂಸಿಯಂ ಐತಿ. ಕುರುಗೋಡು, ಸಿರುಗುಪ್ಪ ಕಡೆಯವರು ಬಳ್ಳಾರಿಗೆ ಬಂದಾಗ ಹುಡುಗರನ್ನ ಕರಕೊಂಡು ಹೋಗಿ ತೋರಿಸ್ರಿ. ಹೊಲದಾಗ ನುಣ್ಣನ ಕರಿ ಕೊಡಲಿಕಲ್ಲು ಸಿಕ್ರ ಬದುವಿಗೆ ಒಗೀಬ್ಯಾಡ್ರಿ, ಅಲ್ಲಿ ತೋರಿಸಿ ಕೇಳ್ರಿ.