ಮುಚ್ಚಳದಲ್ಲಿ ಒಂದು ಮುಖ

ಶಿವಮೊಗ್ಗ, ಭದ್ರಾವತಿಗಳ ಎಷ್ಟೋ ಮನೆಗಳಲ್ಲಿ ಊಟದ ಮೇಜಿನ ಮೇಲುಗಡೆ ಹಣ್ಣಿನ ಬುಟ್ಟಿಯ ಚಿತ್ರವೊಂದು ತೂಗುತ್ತಿರುತ್ತದೆ. ದ್ರಾಕ್ಷಿ, ಸೇಬು, ಪಕ್ಕದಲ್ಲೊಂದು ಹೂಜಿ. ಇಂಥದಕ್ಕೆ ಸ್ಥಿರಚಿತ್ರವೆಂದು ಹೆಸರು. ನೋಡಿದವರು ‘ಥೇಟ್ ಹಣ್ಣೇ ಇಟ್ಟ ಹಾಗಿದೆ’ ಎಂದು ಹೊಗಳಿ ಕೈ ತೊಳೆಯಲು ಹೋಗುತ್ತಾರೆ. ಬರೆದವರಿಗೆ ಅಷ್ಟೇ ಸಾಲದು.

ಯೂರೋಪಿನಲ್ಲಿ ಈ ಬಗೆಯ ಚಿತ್ರಕ್ಕೆ ಮರ್ಯಾದೆ ಕಡಿಮೆಯಿತ್ತು. 1660ರ ದಶಕದಲ್ಲಿ ಫ್ರಾನ್ಸಿನ ಆಂದ್ರೆ ಫೆಲಿಬಿಯೆನ್ ಚಿತ್ರಗಳಿಗೆ ದರ್ಜೆ ಕಟ್ಟಿದಾಗ ಪುರಾಣ, ಚರಿತ್ರೆಗಳು ಮೇಲೆ ಕುಳಿತವು; ಹಣ್ಣು ಹೂಗಳು ತೀರ ಕೆಳಗೆ. ಮೇಲಿನ ದರ್ಜೆಯ ಚಿತ್ರ ಬರೆಯಬೇಕಾದರೆ ಬೆತ್ತಲೆ ಮಾದರಿಯನ್ನು ನೋಡಿ ಮೈಕಟ್ಟು ಕಲಿಯಬೇಕು. ಹೆಂಗಸರಿಗೆ ಆ ಕೋಣೆಯೊಳಗೆ ಪ್ರವೇಶವಿರಲಿಲ್ಲ. ಉಳಿದದ್ದು ಅಡಿಗೆಮನೆಯ ಮೇಜು!

ಈ ದರ್ಜೆ ಪಟ್ಟಿಗೂ ಅರ್ಧ ಶತಮಾನ ಮೊದಲೇ ಫ್ಲಾಂಡರ್ಸ್ ನಾಡಿನ ಕ್ಲಾರಾ ಪೀಟರ್ಸ್ ಎಂಬಾಕೆ ಆ ಮೇಜನ್ನೇ ಆರಿಸಿಕೊಂಡಿದ್ದಳು. 1615ರ ಸುಮಾರಿನ ಆಕೆಯ ಚಿತ್ರವೊಂದು ಹೇಗ್ ನಗರದ ಮೌರಿಟ್ಸ್‌ಹೌಸ್ ಸಂಗ್ರಹಾಲಯದಲ್ಲಿದೆ. ಚೀಸಿನ ದೊಡ್ಡ ಗಡ್ಡೆಗಳು, ತಟ್ಟೆಯಲ್ಲಿ ಬೆಣ್ಣೆ, ಬಾದಾಮಿ, ಒಣ ಅಂಜೂರ, ಒಂದು ಬೆಳ್ಳಿಯ ಚಾಕು, ಮುಚ್ಚಳವಿರುವ ಜಾಡಿ. ಮನುಷ್ಯರಾರೂ ಇಲ್ಲ. ಆದರೆ ಚಾಕುವಿನ ಮೇಲೆ ಕೊರೆದಂತೆ ಆಕೆಯ ಹೆಸರಿದೆ. ಜಾಡಿಯ ಲೋಹದ ಮುಚ್ಚಳದಲ್ಲಿ, ಕಣ್ಣಿಟ್ಟು ಹುಡುಕಿದರೆ ಮಾತ್ರ ಸಿಗುವಷ್ಟು ಚಿಕ್ಕದಾಗಿ, ಆಕೆಯದೇ ಮುಖ ಪ್ರತಿಫಲಿಸಿದೆ.

ನಮ್ಮ ಮದುವೆಗಳಲ್ಲೂ ಉಡುಗೊರೆಯ ಪಾತ್ರೆಗೆ ಹೆಸರು ಕೊರೆಸುತ್ತೇವಲ್ಲ. ಅದು ಕೊಟ್ಟವರ ಹೆಸರು. ಮೂವತ್ತು ವರ್ಷ ಅದನ್ನು ತಿಕ್ಕಿ ತೊಳೆದವಳದಲ್ಲ. ಕ್ಲಾರಾ ಜಾಣೆ.

ಸ್ಪೇನಿನ ಪ್ರಾಡೊ ಸಂಗ್ರಹಾಲಯ ಬಾಗಿಲು ತೆರೆದದ್ದು 1819ರಲ್ಲಿ. ಅಲ್ಲಿ ಒಬ್ಬ ಹೆಣ್ಣು ಕಲಾವಿದೆಗೆಂದೇ ಪ್ರದರ್ಶನ ಏರ್ಪಟ್ಟದ್ದು 2016ರಲ್ಲಿ, ಈ ಕ್ಲಾರಾಳಿಗೆ. ಸುಮಾರು ಇನ್ನೂರು ವರ್ಷ ಬೇಕಾಯಿತು.

ಇಷ್ಟು ದೂರದ ಮಾತೇಕೆ? ನಮ್ಮ ಸಾಗರ, ಸೊರಬದ ಕಡೆ ದೀವರ ಹೆಂಗಸರು ಮದುವೆಗೆ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಭೂಮಿ ಹುಣ್ಣಿಮೆಗೆ ಬಿದಿರಿನ ಬುಟ್ಟಿಯೇ ಅವರ ಗೋಡೆ. ಕೆಮ್ಮಣ್ಣು ಬಳಿದು, ಅಕ್ಕಿ ಅರೆದ ಬಿಳಿ ಬಣ್ಣದಲ್ಲಿ ಪುಂಡಿನಾರಿನ ಕುಂಚ ಅದ್ದಿ, ಕೂದಲೆಳೆಯಂಥ ಗೆರೆಗಳನ್ನು ಎಳೆಯುತ್ತಾರೆ: ಭತ್ತದ ಸಸಿ, ಅಡಿಕೆ ಮರ, ಏಣಿ. ದಿನಾ ಕಣ್ಣಿಗೆ ಬೀಳುವ, ಕೈಗೆ ಸಿಗುವ ವಸ್ತುಗಳೇ. ನೋಡಿ ಬರೆಯಲು ಎದುರಿಗೆ ಏನೂ ಇಟ್ಟುಕೊಂಡಿರುವುದಿಲ್ಲ. ಕಲಾಶಾಲೆಯಲ್ಲಿ ಕಲಿತವರಿಗೂ ಆ ಗೆರೆ ಸುಲಭವಲ್ಲ. ಎಲ್ಲಿಯೂ ಹೆಸರಿಲ್ಲ, ಮುಖವೂ ಇಲ್ಲ. ಬುಟ್ಟಿ ಅಡಿಗೆಯನ್ನು ಹೊತ್ತು ಬೆಳಗಿನ ಜಾವಕ್ಕೆ ಗದ್ದೆಗೆ ಹೋಗುತ್ತದೆ. ಮುಂದಿನ ವರ್ಷದ ಹಬ್ಬಕ್ಕೆ ಮತ್ತೆ ಕೆಮ್ಮಣ್ಣು ಬಳಿದರೆ ಹಳೆಯ ಚಿತ್ತಾರ ಅದರಡಿಯಲ್ಲಿ ಉಳಿದುಬಿಡುತ್ತದೆ.