ಹೊನ್ನೆಯ ಅಂಟು, ಉಂಬಳ, ಕೊಳಕುಮಂಡಲ: ರಕ್ತಸ್ತಂಭನದ ಚರಿತ್ರೆಗೆ ಮೂರು ಸಾಕ್ಷ್ಯಗಳು

ಗಾಯದ ಬಾಯಿ ಮುಚ್ಚುವುದು ಬೇರೆ, ರಕ್ತ ತಾನೇ ಹೆಪ್ಪುಗಟ್ಟುವುದು ಬೇರೆ. ವೈದ್ಯಶಾಸ್ತ್ರಕ್ಕೆ ಈ ಭೇದ ತಿಳಿಯಾದ ಬಗೆಯನ್ನು ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆಯ ಒಂದು ಮರ ಮತ್ತು ಎರಡು ಪ್ರಾಣಿಗಳ ಮೂಲಕ ಗುರುತಿಸುವುದು ಈ ಲೇಖನದ ಉದ್ದೇಶ.

ಒಗರಿನ ಚಿಕಿತ್ಸೆ

ಸುಶ್ರುತಸಂಹಿತೆಯ ಸೂತ್ರಸ್ಥಾನ ರಕ್ತ ತಡೆಯಲು ನಾಲ್ಕು ಉಪಾಯ ಹೇಳುತ್ತದೆ: ಸಂಧಾನ, ಸ್ಕಂದನ, ಪಾಚನ, ದಹನ. ಒಗರು ಗಾಯವನ್ನು ಕೂಡಿಸುತ್ತದೆ, ತಂಪು ರಕ್ತವನ್ನು ಗಟ್ಟಿಮಾಡುತ್ತದೆ, ಭಸ್ಮ ಪಾಕಗೊಳಿಸುತ್ತದೆ, ಸುಟ್ಟರೆ ನಾಳ ಮುದುಡುತ್ತದೆ. ಇಲ್ಲಿನ ಕಾಡಿನಲ್ಲಿ ಒಗರಿಗೆ ಹೊನ್ನೆ ಮರವೇ ಸಾಕ್ಷಿ. ತೊಗಟೆಗೆ ಕಚ್ಚು ಹಾಕಿದರೆ ಕೆಂಪು ರಸ ಒಸರುತ್ತದೆ. ಒಣಗಿದಾಗ ಕಪ್ಪುಗೆಂಪು ಹರಳಾಗಿ ಉಗುರಿಗೆ ಪುಡಿಯಾಗುತ್ತದೆ. ‘ಕೈನೋ’ ಎಂಬ ಹೆಸರಿನಲ್ಲಿ ಇದು 19ನೇ ಶತಮಾನದ ಬ್ರಿಟಿಷ್ ಔಷಧಕೋಶವನ್ನೂ ಸೇರಿತ್ತು. ಇದರ ಟ್ಯಾನಿನ್ ಗಾಯದ ಮೇಲಿನ ಪ್ರೋಟೀನನ್ನು ಬಿಗಿಗೊಳಿಸುತ್ತದೆ. ಸಣ್ಣ ಗಾಯಕ್ಕೆ ಅಷ್ಟು ಸಾಕು, ಒಳಗಿನ ಸ್ರಾವಕ್ಕೆ ಸಾಲದು.

ಹೆಪ್ಪುಗಟ್ಟುವ ಸರಪಳಿ

ನಾಳ ಹರಿದಾಗ ಅದು ಮುದುಡಿಕೊಳ್ಳುತ್ತದೆ, ರಕ್ತದ ಕಿರುತಟ್ಟೆಗಳು (ಪ್ಲೇಟ್‌ಲೆಟ್) ಅಲ್ಲಿ ಅಂಟುತ್ತವೆ. ಬಳಿಕ ರಕ್ತದಲ್ಲಿರುವ, ಸಂಖ್ಯೆಯಿಂದ ಕರೆಯುವ ಅಂಶಗಳು ಸರಪಳಿಯಂತೆ ಒಂದನ್ನೊಂದು ಎಬ್ಬಿಸುತ್ತವೆ. ಕೊನೆಗೆ ಥ್ರಾಂಬಿನ್ ಎಂಬ ಕಿಣ್ವ ಫೈಬ್ರಿನೋಜನನ್ನು ಫೈಬ್ರಿನ್ ಎಳೆಗಳಾಗಿಸಿ ಬಲೆ ಹೆಣೆಯುತ್ತದೆ. ಮಳೆಗಾಲದಲ್ಲಿ ಜೋಯಿಡಾದ ಕಾಡಿನಲ್ಲಿ ನಡೆದವರ ಕಾಲಿಗೆ ಉಂಬಳ ಹತ್ತಿ ಬಿಟ್ಟರೂ ರಕ್ತ ಜಿನುಗುತ್ತಲೇ ಇರುತ್ತದೆ. ಇಂಥ ಜಿನುಗಿನ ಗುಟ್ಟು ಉಂಬಳದ ಬಳಗದ ಜಿಗಣೆಯ ಒಂದು ದ್ರವ್ಯದಲ್ಲಿದೆ ಎಂಬುದನ್ನು 1884ರಲ್ಲಿ ಜಾನ್ ಹೇಕ್ರಾಫ್ಟ್ ತೋರಿಸಿದರು. ಮುಂದೆ ‘ಹಿರುಡಿನ್’ ಎನಿಸಿಕೊಂಡ ಆ ದ್ರವ್ಯ ಥ್ರಾಂಬಿನ್ನನ್ನೇ ಅಡ್ಡಗಟ್ಟುತ್ತದೆ.

ಕೊಳಕುಮಂಡಲದ ವಿಷ ಇದಕ್ಕೆ ತದ್ವಿರುದ್ಧ: ಅದು ಸರಪಳಿಯ 10ನೇ ಮತ್ತು 5ನೇ ಅಂಶಗಳನ್ನು ನೇರವಾಗಿ ಎಬ್ಬಿಸುತ್ತದೆ. 1934ರಲ್ಲಿ ಮ್ಯಾಕ್‌ಫರ್ಲೇನ್ ಮತ್ತು ಬಾರ್ನೆಟ್ ಈ ವಿಷವನ್ನು ಹತ್ತು ಸಾವಿರಕ್ಕೆ ಒಂದು ಪಾಲಿನಷ್ಟು ತೆಳುಮಾಡಿ ಹಿಮೋಫಿಲಿಯಾ ರೋಗಿಗಳ ಗಾಯಕ್ಕೆ ಹಚ್ಚಿ ರಕ್ತ ನಿಲ್ಲಿಸಿದರು. ಹಿಮೋಫಿಲಿಯಾದಲ್ಲಿ ಕೊರತೆಯಿರುವುದು 8ನೇ ಅಥವಾ 9ನೇ ಅಂಶದ್ದು. ವಿಷ ಆ ಮೆಟ್ಟಿಲನ್ನೇ ದಾಟಿಬಿಡುತ್ತದೆ. ಇಡೀ ಸರಪಳಿಯ ನಕ್ಷೆಯನ್ನು 1964ರಲ್ಲಿ ಪ್ರಕಟಿಸಿದವರಲ್ಲಿ ಮ್ಯಾಕ್‌ಫರ್ಲೇನ್ ಒಬ್ಬರು.

ಮದ್ದೇ ವಿಷವಾದಾಗ

ಅದೇ ಹಾವು ಕಚ್ಚಿದಾಗ ವಿಷ ಮೈಯೆಲ್ಲ ಹರಡಿ ಫೈಬ್ರಿನೋಜನನ್ನು ಖರ್ಚುಮಾಡಿಬಿಡುತ್ತದೆ. ಆಮೇಲೆ ಹೆಪ್ಪುಗಟ್ಟಲು ಸರಕೇ ಉಳಿಯದೆ ವಸಡಿನಲ್ಲಿ, ಮೂತ್ರದಲ್ಲಿ ರಕ್ತ ಕಾಣಿಸಿಕೊಳ್ಳುತ್ತದೆ. ಆಸ್ಪತ್ರೆಯಲ್ಲಿ ಇದರ ಪರೀಕ್ಷೆ ಸರಳ: ಒಣಗಿದ ಹೊಸ ಗಾಜಿನ ನಳಿಕೆಯಲ್ಲಿ ತುಸು ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಟ್ಟು, ಒಮ್ಮೆ ಓರೆ ಮಾಡಿ ನೋಡುತ್ತಾರೆ. ರಕ್ತ ನೀರಿನಂತೆ ಹರಿದರೆ ವಿಷನಿರೋಧಕ ಚುಚ್ಚುಮದ್ದು ಬೇಕು.

ಕತ್ತಿಯೇಟಿಗೆ ಗಾಯ ಒತ್ತಿಹಿಡಿಯುವುದು ಇಂದಿಗೂ ಮೊದಲ ಚಿಕಿತ್ಸೆ. ಗಾಯದ ಬಾಯಿ ಮುಚ್ಚುವ ಮಟ್ಟಿಗೆ ಹಳೆಯ ವಿದ್ಯೆ ಸರಿಯೇ. ಹಾವಿನ ಕಡಿತದ ಸ್ರಾವಕ್ಕೆ ಮಾತ್ರ ಒಗರೂ ನಡೆಯದು, ಕಟ್ಟೂ ನಡೆಯದು. ಕಚ್ಚಿದ ಜಾಗವನ್ನು ಕೊಯ್ದರಂತೂ ನಿಲ್ಲದ ರಕ್ತಕ್ಕೆ ಇನ್ನೊಂದು ಬಾಯಿ ತೆರೆದಂತಾಗುತ್ತದೆ.