ನಿಜಾಮ ರಾಜ್ಯದ ಶಾಸನಸಭೆ ಮತ್ತು ಸಗರನಾಡು

ಭೀಮಾ ಕೃಷ್ಣೆಯರ ನಡುವಣ ಸಗರನಾಡು ಶರಣಸಾಹಿತ್ಯದ ಅಭ್ಯಾಸಿಗಳಿಗೆ ಅಪರಿಚಿತವಾದುದಲ್ಲ. ನೇಯ್ಗೆಯ ಕಾಯಕದ ದಾಸಿಮಯ್ಯನ ಮುದನೂರು, ಭೋಗಣ್ಣನ ಕೆಂಭಾವಿ, ಎರಡೂ ಸುರಪುರ ಸೀಮೆಯವು. ಈ ನಾಡಿನ ಜನ ತಮ್ಮನ್ನು ಆಳುವ ಕಾನೂನನ್ನು ತಾವೇ ಕುಳಿತು ವಿಚಾರಿಸುವ ಹಕ್ಕನ್ನು ಪಡೆದುದು ಮಾತ್ರ ತೀರ ಈಚೆಗೆ. ಅದಕ್ಕೆ ಮುನ್ನ ಅಂಥ ಹಕ್ಕಿನ ಹೆಸರಿನಲ್ಲಿ ನಿಂತಿದ್ದ ಒಂದು ಸಭೆಯು ರಾಜ್ಯಕ್ಕೆ ಬೆಂಕಿ ಬಿದ್ದ ಹೊತ್ತಿನಲ್ಲಿ ಹೇಗೆ ನಡೆದುಕೊಂಡಿತೆಂಬುದು ವಿಚಾರಾರ್ಹವಾಗಿದೆ.

1858ರ ಫೆಬ್ರುವರಿಯಲ್ಲಿ ರಾಜಾ ವೆಂಕಟಪ್ಪ ನಾಯಕನು ಇಂಗ್ಲಿಷರೊಡನೆ ಕಾದು ಸೋತ ಬಳಿಕ ಸುರಪುರದ ಸ್ವಂತ ದರಬಾರು ಅಳಿಯಿತು. 1860ರಲ್ಲಿ ಆ ಸೀಮೆ ನಿಜಾಮನ ಕೈಸೇರಿತು. ಮುಂದೆ ಯಾದಗಿರಿ, ಶಹಾಪುರ, ಸುರಪುರಗಳು ಗುಲಬರ್ಗಾ ಜಿಲ್ಲೆಯ ತಾಲ್ಲೂಕುಗಳಾಗಿ ಹೈದರಾಬಾದಿನ ಆಜ್ಞೆಗೆ ಒಳಪಟ್ಟವು. ಆಜ್ಞೆಯ ಭಾಷೆ ಉರ್ದು, ಪ್ರಜೆಯ ಭಾಷೆ ಕನ್ನಡ. ಕಚೇರಿಯ ಮೆಟ್ಟಿಲು ಹತ್ತಿದ ರೈತನಿಗೆ ತನ್ನ ಹೊಲದ ಕಾಗದವನ್ನೇ ಮತ್ತೊಬ್ಬರಿಂದ ಓದಿಸಿಕೊಳ್ಳಬೇಕಾದ ಸ್ಥಿತಿ.

ಹೈದರಾಬಾದಿನಲ್ಲಿ ಶಾಸನಸಭೆಯೆಂಬ ಹೆಸರು 1893ರಷ್ಟು ಹಳೆಯದು. ಆ ವರ್ಷದ ‘ಕಾನೂನ್ಚಾ ಮುಬಾರಕ್’ ಎಂಬ ರಾಜಾಜ್ಞೆಯಿಂದ ಅದು ಹುಟ್ಟಿತು. ಅರ್ಧ ಶತಮಾನದವರೆಗೂ ಅದು ಅಧಿಕಾರಿಗಳೂ ನೇಮಕಗೊಂಡವರೂ ತುಂಬಿದ ಒಂದು ಸಲಹಾಗೋಷ್ಠಿಯಾಗಿಯೇ ಉಳಿಯಿತು. ಅದರ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. 1937ರಲ್ಲಿ ದಿವಾನ್ ಬಹದ್ದೂರ್ ಅರವಮುದು ಅಯ್ಯಂಗಾರರ ಅಧ್ಯಕ್ಷತೆಯಲ್ಲಿ ಸುಧಾರಣಾ ಸಮಿತಿಯು ನೇಮಕವಾಯಿತು. 1939ರಲ್ಲಿ ಸುಧಾರಣೆಗಳು ಘೋಷಿತವಾದವು: 85 ಸದಸ್ಯರ ಸಭೆ, ಅವರಲ್ಲಿ 42 ಮಂದಿ ಚುನಾಯಿತರು. ಮಹಾಯುದ್ಧದ ನೆಪದಲ್ಲಿ ಅದೂ ಮೂಲೆಗೆ ಬಿದ್ದಿತು.

ಈ ಯೋಜನೆಯ ಒಂದು ವೈಶಿಷ್ಟ್ಯವನ್ನು ಶರಣಸಾಹಿತ್ಯದ ಓದುಗರು ಗಮನಿಸಬೇಕು. ಇಲ್ಲಿ ಪ್ರಾತಿನಿಧ್ಯವು ಊರಿಗಲ್ಲ, ವೃತ್ತಿಗೆ. ಜಹಗೀರದಾರರಿಗೆ ಇಷ್ಟು, ಪಟ್ಟೇದಾರರಿಗೆ ಇಷ್ಟು, ಗೇಣಿದಾರರಿಗೆ, ಕಾರ್ಮಿಕರಿಗೆ, ವ್ಯಾಪಾರಿಗಳಿಗೆ, ವಕೀಲರಿಗೆ, ವೈದ್ಯರಿಗೆ ಇಷ್ಟಿಷ್ಟು ಎಂದು ಸ್ಥಾನಗಳನ್ನು ಹಂಚಲಾಗಿತ್ತು. ಮೇಲುನೋಟಕ್ಕೆ ಇದು ಕಾಯಕಕ್ಕೆ ಮನ್ನಣೆಯಿತ್ತಂತೆ ಕಾಣುತ್ತದೆ. ನೇಕಾರ, ಅಂಬಿಗ, ಮಡಿವಾಳ, ಸಮಗಾರರೆಲ್ಲ ಕೂಡಿದ ಕಲ್ಯಾಣದ ಅನುಭವಗೋಷ್ಠಿಯನ್ನು ಅದು ನೆನಪಿಗೂ ತಂದೀತು. ಆದರೆ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಶರಣನು ತನ್ನ ಕಾಯಕದ ಅನುಭವದಿಂದ ಎಲ್ಲರಿಗೂ ಸಲ್ಲುವ ಮಾತನ್ನಾಡಿದನು. ನಿಜಾಮನ ಸಭೆಯಲ್ಲಿ ವಕೀಲನು ವಕೀಲರ ಪರವಾಗಿಯೂ ಜಹಗೀರದಾರನು ಜಹಗೀರದ ಪರವಾಗಿಯೂ ಮಾತನಾಡಬೇಕೆಂಬುದೇ ಏರ್ಪಾಡಿನ ಉದ್ದೇಶ. ಸಮಸ್ತ ಪ್ರಜೆಗಳ ಪರವಾಗಿ ಮಾತನಾಡುವವನಿಗೆ ಅಲ್ಲಿ ಸ್ಥಾನವೇ ಇರಲಿಲ್ಲ. ಅನುಭವಮಂಟಪವನ್ನು ‘ಲೋಕಸಭೆ’ಯೆಂದು ಕರೆಯುವುದು ಈಗ ಭಾಷಣಗಳಲ್ಲಿ ರೂಢಿಯಾಗಿದೆ. ಅದು ಕಂದಾಯ, ಸೈನ್ಯಗಳ ಕಾನೂನು ಮಾಡಿದ ಸಭೆಯಲ್ಲ. ಶೂನ್ಯಸಂಪಾದನೆಗಳು ಅದನ್ನು ಪ್ರಶ್ನೋತ್ತರದ ಗೋಷ್ಠಿಯೆಂದು ಚಿತ್ರಿಸುತ್ತವೆ. ಆದರೆ ಪ್ರಶ್ನೆಗೆ ಅಲ್ಲಿ ಯಾವ ಎಲ್ಲೆಯೂ ಇರಲಿಲ್ಲ. ಹೈದರಾಬಾದಿನ ಸಭೆಯಲ್ಲಿಯಾದರೋ ನಿಜಾಮ, ಆತನ ಮನೆತನ, ಸೈನ್ಯ, ಬ್ರಿಟಿಷ್ ಚಕ್ರಾಧಿಪತ್ಯದೊಡನೆ ಸಂಬಂಧ ಮೊದಲಾದುವೆಲ್ಲ ಚರ್ಚೆಗೆ ನಿಷಿದ್ಧ.

1946ರಲ್ಲಿ ಈ ಯೋಜನೆಯನ್ನು ತಿದ್ದಿ ಸದಸ್ಯರ ಸಂಖ್ಯೆಯನ್ನು 132ಕ್ಕೆ ಏರಿಸಿದರು. ರಾಜ್ಯದ ಜನಸಂಖ್ಯೆಯಲ್ಲಿ ಎಂಟರಲ್ಲೊಂದು ಪಾಲಿನಷ್ಟಿದ್ದ ಮುಸಲ್ಮಾನರಿಗೆ ಈ ಸಭೆಯಲ್ಲಿ ಹಿಂದೂಗಳಿಗಿಂತ ಹತ್ತು ಸ್ಥಾನಗಳು ಹೆಚ್ಚಾಗಿದ್ದವೆಂದು ವಿ. ಪಿ. ಮೆನನ್ನರು ದಾಖಲಿಸಿದ್ದಾರೆ. 1938ರಲ್ಲಿ ನಿಷೇಧಿತವಾಗಿ 1946ರಲ್ಲಷ್ಟೇ ಬಿಡುಗಡೆ ಕಂಡ ಸ್ಟೇಟ್ ಕಾಂಗ್ರೆಸ್ಸು ಚುನಾವಣೆಯನ್ನು ಬಹಿಷ್ಕರಿಸಿತು. ಹೀಗೆ 1947ರಲ್ಲಿ ಕೂಡಿದ ಸಭೆಯು ರಾಜ್ಯದ ಮುಖ್ಯ ಲೋಕಪಕ್ಷವೇ ಇಲ್ಲದ ಸಭೆಯಾಯಿತು.

ಆ ವರ್ಷ ನಡೆದ ಘಟನೆಗಳನ್ನು ಕ್ರಮವಾಗಿ ನೋಡಿದರೆ ಸಭೆಯ ನಿಜಸ್ಥಿತಿ ತಿಳಿಯುತ್ತದೆ. ಯಾವ ಒಕ್ಕೂಟವನ್ನೂ ಸೇರದೆ ಸ್ವತಂತ್ರನಾಗಿರುವೆನೆಂದು ಜೂನ್ ತಿಂಗಳಲ್ಲಿ ನಿಜಾಮನು ಸಾರಿದುದು ಫರ್ಮಾನಿನ ಮೂಲಕ. ಅಕ್ಟೋಬರ್ 27ರಂದು ದೆಹಲಿಗೆ ಹೊರಡಬೇಕಿದ್ದ ಸಂಧಾನಕಾರರ ಮನೆಗಳನ್ನು ಇತ್ತೆಹಾದಿನ ಗುಂಪುಗಳು ಮುತ್ತಿ ತಡೆದವು. ಪ್ರಧಾನಿ ಛತ್ತಾರಿ ನವಾಬರು ಹುದ್ದೆ ತೊರೆದರು. ರಾಜನೀತಿಯನ್ನು ಬದಲಿಸಿದುದು ಬೀದಿಯೇ ಹೊರತು ಸಭೆಯಲ್ಲ. ನವೆಂಬರ್ 29ರಂದು ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಬಿದ್ದಿತು. ಅನಂತರ ಪ್ರಧಾನಿ ಮೀರ್ ಲಾಯಕ್ ಅಲಿಯವರ ಸರಕಾರವು ಭಾರತದ ನಾಣ್ಯದ ಚಲಾವಣೆಯನ್ನೂ ಬೆಳ್ಳಿ ಬಂಗಾರಗಳ ರಫ್ತನ್ನೂ ತಡೆದುದು ಸುಗ್ರೀವಾಜ್ಞೆಗಳಿಂದ. ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿ ಸಾಲ ಕೊಟ್ಟುದೂ ಸರಕಾರದ ನಿರ್ಧಾರವೇ. ಯುದ್ಧಕ್ಕೆ ದಾರಿ ಮಾಡಿದ ಯಾವ ಹೆಜ್ಜೆಯೂ ಶಾಸನಸಭೆಯ ಹೊಸಿಲನ್ನು ತುಳಿದು ಬಂದುದಲ್ಲ. ಸಭೆಯಿದ್ದುದರಿಂದ ಪ್ರಜೆಗೆ ಲಾಭವಾಗಲಿಲ್ಲವೆಂಬುದು ಒಂದು. ‘ನಮ್ಮಲ್ಲಿಯೂ ಶಾಸನಸಭೆಯುಂಟು’ ಎಂದು ಹೊರಗಿನವರಿಗೆ ತೋರಿಸಲು ಸರಕಾರಕ್ಕೆ ಅನುಕೂಲವಾಯಿತೆಂಬುದು ಅದಕ್ಕಿಂತ ದೊಡ್ಡ ಕೇಡು.

ಇತ್ತ ಹಳ್ಳಿಗಳಲ್ಲಿ ಕಾಸಿಂ ರಜ್ವಿಯ ರಜಾಕಾರರ ಹಾವಳಿ ಹೆಚ್ಚಿತು. ತೆಲಂಗಾಣದಲ್ಲಿ ರೈತರ ಸಶಸ್ತ್ರ ಹೋರಾಟ ಆಗಲೇ ನಡೆದಿತ್ತು. ಕನ್ನಡ ಜಿಲ್ಲೆಗಳಲ್ಲಿ ಕೊಲೆ ಸುಲಿಗೆಗಳಿಗೆ ಅಂಜಿ ಜನ ಗಡಿ ದಾಟಿದರು. ಸಗರನಾಡಿನ ಪಶ್ಚಿಮಕ್ಕೆ ವಿಜಾಪುರ ಜಿಲ್ಲೆ. ಅದು ಭಾರತದ ನೆಲ. ಗಡಿಯುದ್ದಕ್ಕೂ ಹೋರಾಟದ ಶಿಬಿರಗಳು ಎದ್ದವು. ಮುಂಡರಗಿಯ ಶಿಬಿರದೊಡನೆ ಅಳವಂಡಿಯ ಶಿವಮೂರ್ತಿಸ್ವಾಮಿಗಳ ಹೆಸರು ನಿತ್ಯವಾಗಿ ಸೇರಿದೆ. ಯಾದಗಿರಿಯ ಭಾಗದಲ್ಲಿ ಕೋಲೂರು ಮಲ್ಲಪ್ಪನವರು ಕಾಂಗ್ರೆಸ್ಸಿನ ಕೆಲಸದಲ್ಲಿ ತೊಡಗಿದ್ದರು. ಕೆಂಭಾವಿ ಭೋಗಣ್ಣನನ್ನು ಊರಿನಿಂದ ಹೊರಗಟ್ಟಿದಾಗ ಊರಿನ ಲಿಂಗಗಳೆಲ್ಲ ಅವನ ಬೆನ್ನುಹತ್ತಿ ಉರುಳಿದವೆಂದು ಪುರಾಣ ಹೇಳುತ್ತದೆ. 1948ರಲ್ಲಿ ಊರು ಬಿಟ್ಟವರು ಕೊರಳ ಲಿಂಗವೊಂದನ್ನುಳಿದು ಹೊಲ, ದನ, ಕಣಜಗಳನ್ನೆಲ್ಲ ಹಿಂದೆ ಬಿಟ್ಟು ನಡೆದರು.

ಈ ಕಾಲದಲ್ಲಿ ಸತ್ಯವನ್ನು ನುಡಿದವರು ಇರಲಿಲ್ಲವೆಂದಲ್ಲ. ಲಾಯಕ್ ಅಲಿಯವರ ಮಂತ್ರಿಮಂಡಲದಲ್ಲಿದ್ದ ಜೆ. ವಿ. ಜೋಶಿಯವರು ರಜಾಕಾರರ ಅತ್ಯಾಚಾರಗಳನ್ನು ಸಹಿಸಲಾರದೆ 1948ರಲ್ಲಿ ರಾಜೀನಾಮೆಯಿತ್ತರು. ಭಾರತದೊಡನೆ ಸೇರಬೇಕೆಂದು ಬರೆದ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನರು ಅದೇ ಆಗಸ್ಟಿನಲ್ಲಿ ಹತರಾದರು. ಶಾಸನಸಭೆ ಆಡಬೇಕಾಗಿದ್ದ ಮಾತನ್ನು ಹುದ್ದೆ ತೊರೆದ ಒಬ್ಬ ಮಂತ್ರಿಯೂ ಪ್ರಾಣ ತೆತ್ತ ಒಬ್ಬ ಪತ್ರಕರ್ತನೂ ಆಡಿದರು. ಆ ಪತ್ರಕರ್ತ ಮುಸಲ್ಮಾನನೆಂಬುದನ್ನು ಈ ಕಥೆ ಹೇಳುವವರು ಹಲವೊಮ್ಮೆ ಮರೆಯುತ್ತಾರೆ.

ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಬಂದಿತು. 17ರಂದು ನಿಜಾಮನು ಶರಣಾದನು. ಸಾಮಾನ್ಯವಾಗಿ ಬರವಣಿಗೆಗಳು ಇಲ್ಲಿಗೆ ಮುಗಿಯುತ್ತವೆ. ಹಾಗೆ ಮುಗಿಸುವುದು ನ್ಯಾಯವಲ್ಲ. ಸೈನ್ಯ ಬಂದ ದಿನಗಳಲ್ಲಿಯೂ ಅನಂತರವೂ ಮುಸಲ್ಮಾನ ಪ್ರಜೆಗಳ ಮೇಲೆ ಸೇಡಿನ ಕೈ ಬಿದ್ದಿತು. ಕೇಂದ್ರ ಸರಕಾರ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿಯು 27,000ದಿಂದ 40,000 ಜನ ಸತ್ತಿರಬಹುದೆಂದು ಅಂದಾಜು ಮಾಡಿತು. ಅತಿ ಹೆಚ್ಚು ಕೆಟ್ಟುಹೋದ ಜಿಲ್ಲೆಗಳಲ್ಲಿ ಗುಲಬರ್ಗಾ ಒಂದು. ಆ ವರದಿ ದೀರ್ಘಕಾಲ ಬೆಳಕಿಗೆ ಬರಲಿಲ್ಲ. ರಜಾಕಾರರ ಕ್ರೌರ್ಯವನ್ನು ಬರೆಯುವ ಲೇಖನಿ ಇದನ್ನೂ ಬರೆಯಬೇಕು. ದಯೆಯನ್ನು ಧರ್ಮದ ಮೂಲವೆಂದ ಪರಂಪರೆಯವರಿಗೆ ಇದರಲ್ಲಿ ಹಿಂಜರಿಕೆ ಸಲ್ಲದು.

ಅನಂತರದ ಆಡಳಿತ ಮೊದಲು ಸೇನಾಧಿಪತಿ ಚೌಧರಿಯವರದು, ಬಳಿಕ ವೆಲ್ಲೋಡಿಯವರದು. 1949ರ ಆಗಸ್ಟಿನಲ್ಲಿ ಜಹಗೀರುಗಳ ರದ್ದತಿಯ ಆಜ್ಞೆ ಹೊರಟಿತು. ಅದೂ ಸಭೆಯಿಲ್ಲದೆಯೇ ಆದ ಕಾರ್ಯ. ಒಳ್ಳೆಯ ಕಾರ್ಯವಾದರೂ ಪ್ರಜೆಗಳು ಕುಳಿತು ಮಾಡಿದುದಲ್ಲ.

1952ರಲ್ಲಿ ವಯಸ್ಕ ಮತದಾನದಿಂದ 175 ಸ್ಥಾನಗಳ ವಿಧಾನಸಭೆ ಆಯ್ಕೆಯಾಯಿತು. ಬೂರ್ಗುಲ ರಾಮಕೃಷ್ಣರಾಯರು ಮುಖ್ಯಮಂತ್ರಿಗಳಾದರು. ಕಾಶಿನಾಥರಾವ್ ವೈದ್ಯರು ಸಭಾಧ್ಯಕ್ಷರಾದರು. ಈ ಸಲ ಸ್ಥಾನಗಳು ವೃತ್ತಿಗಲ್ಲ, ಊರುಗಳಿಗೆ. ಮುದನೂರಿನ ನೇಕಾರನೂ ಶಹಾಪುರದ ವ್ಯಾಪಾರಿಯೂ ಒಂದೇ ತೂಕದ ಮತ ಹಾಕಿದರು. ಆ ಸಭೆಯ ಬಾಳು ನಾಲ್ಕು ವರ್ಷಗಳದು. 1956ರ ನವೆಂಬರ್ 1ರಂದು ರಾಜ್ಯವೇ ಮೂರಾಗಿ ಹಂಚಿಹೋಗಿ, ಗುಲಬರ್ಗಾ, ರಾಯಚೂರು, ಬೀದರ ಜಿಲ್ಲೆಗಳು ಮೈಸೂರನ್ನು ಸೇರಿದವು. ಆ ಭಾಗದ ಶಾಸಕರು ಹೈದರಾಬಾದಿನ ಸಭೆಯನ್ನು ಬಿಟ್ಟು ಬೆಂಗಳೂರಿನ ಸಭೆಯಲ್ಲಿ ಹೋಗಿ ಕುಳಿತರು.